ಯಾವ ಹಕ್ಕಿನ ಪರ ಈ ಬಾವುಟ?

ಕೆಂಪು ಬಟ್ಟೆಯ ಮೇಲೆ ಓರೆಯಾಗಿ ಹಾಯ್ದ ನೀಲಿ ಪಟ್ಟಿಗಳು, ಬಿಳಿ ನಕ್ಷತ್ರಗಳು. ಅಮೆರಿಕದ ಅಂತರ್ಯುದ್ಧದಲ್ಲಿ (1861–65) ದಕ್ಷಿಣದ ಸೈನಿಕರು ಹಿಡಿದ ರಣಧ್ವಜವಿದು. ಅಮೆರಿಕದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಮೊದಲ ರಾಷ್ಟ್ರಧ್ವಜ ಬೇರೆಯೇ ಇತ್ತು.

ಯುದ್ಧ ನಡೆದದ್ದು ರಾಜ್ಯಗಳ ಹಕ್ಕುಗಳಿಗಾಗಿ ಎಂಬ ವಾದ ದಕ್ಷಿಣದ ಸೋಲಿನ ನಂತರ ಬಲವಾಗಿ ಬೇರೂರಿತು. ಆದರೆ ಯಾವ ಹಕ್ಕು? ತನ್ನ ನಿಲುವು ಗುಲಾಮಗಿರಿಯೊಂದಿಗೆ ಪೂರ್ತಿಯಾಗಿ ಬೆಸೆದುಕೊಂಡಿದೆ ಎಂದು 1861ರ ಜನವರಿಯಲ್ಲಿ ಹೊರನಡೆದ ರಾಜ್ಯಗಳಲ್ಲೊಂದಾದ ಮಿಸಿಸಿಪ್ಪಿಯೇ ಘೋಷಿಸಿತ್ತು. ಕಪ್ಪು ಜನರು ಬಿಳಿಯರಿಗೆ ಸಮಾನರಲ್ಲ ಎಂಬುದೇ ದಕ್ಷಿಣದ ಹೊಸ ಸರ್ಕಾರದ ಮೂಲೆಗಲ್ಲು ಎಂದು ಮಾರ್ಚ್‌ನಲ್ಲಿ ಅದರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸಾರಿದರು. ಹೊರನಡೆದವರೇ ಇಷ್ಟು ಸ್ಪಷ್ಟವಾಗಿ ಹೇಳಿರುವಾಗ ಕಾರಣವನ್ನು ಬೇರೆಡೆ ಹುಡುಕಬೇಕಿಲ್ಲ.

ಕೆಲವರಿಗೆ ಈ ಬಾವುಟ ಮಡಿದ ಪೂರ್ವಜರ ನೆನಪು; ಅನೇಕ ಕಪ್ಪು ಜನರಿಗೆ ಬೆದರಿಕೆ. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ವರ್ಣದ್ವೇಷಿಯೊಬ್ಬನಿಂದ ಒಂಬತ್ತು ಕಪ್ಪು ಜನರ ಹತ್ಯೆಯಾದ ಬಳಿಕ ಆ ನಗರವಿರುವ ದಕ್ಷಿಣ ಕೆರೊಲೈನಾ ರಾಜ್ಯ ತನ್ನ ಶಾಸನಸಭೆಯ ಆವರಣದಿಂದ ಇದನ್ನು ಇಳಿಸಿತು. ಮಿಸಿಸಿಪ್ಪಿಯ ರಾಜ್ಯಧ್ವಜದೊಳಗೆ ಇದು 2020ರವರೆಗೂ ಉಳಿದಿತ್ತು.