ಅಜ್ಜಿಯ ಬಾಣಲೆ, ದಂಡಿನ ಪೀಪಾಯಿ

ಗ್ಲಾಸು ಕೈಯಲ್ಲಿ ಹಿಡಿದುಕೊಂಡು ಕಾಲು ಗಂಟೆ ಸುಮ್ಮನೆ ಕೂತಿದ್ದೆ. ಸ್ಟೌಟನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. 4 ಡಿಗ್ರಿಯ ಚಳಿಯಲ್ಲಿ ಅದು ಮುದುರಿಕೊಂಡಿರುತ್ತದೆ. 10-12 ಡಿಗ್ರಿಗೆ ಬಂದ ಮೇಲೆ ಒಳಗಿದ್ದದ್ದು ಒಂದೊಂದಾಗಿ ಹೊರಗೆ ಬರುತ್ತದೆ. ಅವತ್ತು ಮೊದಲು ಬಂದದ್ದು ಕಾಫಿಪುಡಿಯ ಘಮ. ಅದರ ಬೆನ್ನಿಗೆ ಜೋನಿಬೆಲ್ಲ. ಮೂರನೆಯದನ್ನು ಗುರುತು ಹಿಡಿಯಲು ಕಣ್ಣು ಮುಚ್ಚಬೇಕಾಯಿತು. ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿಯ ನಮ್ಮ ಹಳೇ ಮನೆಯ ಅಡುಗೆಮನೆ, ಸೌದೆ ಒಲೆ, ಬಾಣಲೆಯಲ್ಲಿ ಮೊಳಕೆ ರಾಗಿ.

12 ವರ್ಷದಿಂದ ಬೆಂಗಳೂರಿನ ಒಂದು ಬ್ರೂ ಪಬ್ಬಿನಲ್ಲಿ ಬಿಯರ್ ಮಾಡುವುದು ನನ್ನ ಕೆಲಸ. ದಿನಾ ರಾಜಾನುಕುಂಟೆ, ಯಲಹಂಕ ದಾಟಿ ಹೋಗುತ್ತೇನೆ, ರಾತ್ರಿ ವಾಪಸ್ಸು ಬರುವಾಗ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳ ಶಿಫ್ಟು ಬಿಟ್ಟಿರುತ್ತದೆ. ಈಗ ಶೆಡ್ಡುಗಳು ನಿಂತಿರುವ ಕಡೆ ನಾನು ಹುಡುಗನಾಗಿದ್ದಾಗ ರಾಗಿ ಹೊಲ ಇತ್ತು. ಸಾಲಿನ ನಡುವೆ ಅವರೆ, ಅಂಚಿಗೆ ಸಾಸಿವೆ, ಹುಚ್ಚೆಳ್ಳು. ಊಟಕ್ಕೆ ಮುದ್ದೆ, ಬಾಯಾರಿದರೆ ಅಂಬಲಿ, ಮನೆಯಲ್ಲಿ ಕೂಸು ಹುಟ್ಟಿದರೆ ರಾಗಿ ಸರಿ.

ಸರಿಹಿಟ್ಟು ಮಾಡುವುದು ಅಜ್ಜಿಯ ಕೆಲಸ, ಬೇರೆಯವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ರಾಗಿಯನ್ನು ಕಲ್ಲು ಹೋಗುವ ಹಾಗೆ ಗಾಲಿಸಿ ಒಂದು ರಾತ್ರಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ನೀರು ಬಸಿದು, ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಮೇಲೆ ಕಲ್ಲು ಹೇರಿ ಕತ್ತಲೆ ಮೂಲೆಯಲ್ಲಿ ಇಡುವಳು. ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಎರಡು ಮೂರು ದಿನಕ್ಕೆ ಗಂಟಿನ ಬಟ್ಟೆಯ ಎಳೆಯಿಂದ ಬಿಳಿ ಮೊಳಕೆ ಇಣುಕುತ್ತಿತ್ತು, ಕೈ ಇಟ್ಟರೆ ಗಂಟು ಬೆಚ್ಚಗೆ. ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ, ಆಮೇಲೆ ಬಾಣಲೆಗೆ. ಬೆಂಕಿಯ ಮುಂದೆ ಅವಳು ಮಾತಾಡುತ್ತಿರಲಿಲ್ಲ. ಒಂದು ಸಲ ನಾನು ಸೌದೆ ಮುಂದಕ್ಕೆ ತಳ್ಳಿದ್ದಕ್ಕೆ ಕೈ ಹಿಡಿದು, "ಬ್ಯಾಡ ಮಗ, ಘಮ್ ಅಂದ ತಕ್ಷಣ ಇಳಿಸ್ಬೇಕು. ಆಮೇಲೆ ಹುರಿದದ್ದೆಲ್ಲ ಕಹಿ" ಅಂದಳು. ನನ್ನ ಕಸುಬಿನ ಮೊದಲ ಪಾಠ ಅದು. ಆಗ ನನಗೆ ಏಳೋ ಎಂಟೋ ವರ್ಷ.

ಬಾರ್ಲಿಯಿಂದ ಮಾಲ್ಟ್ ಮಾಡುವುದನ್ನು ಕಲಿಯಲು ಕೂತಾಗ ಅಜ್ಜಿಯ ಗಂಟೇ ಕಣ್ಣ ಮುಂದೆ ಬಂತು. ನೆನೆಸು, ಮೊಳಕೆ ಬರಿಸು, ಒಣಗಿಸು, ಬೇರು ಉದುರಿಸು. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತದೆ. ಬಿಯರಿನವರಿಗೆ ಆ ಸಕ್ಕರೆ ಯೀಸ್ಟಿಗೆ ಬೇಕು, ಅಜ್ಜಿಗೆ ಅದು ಕೂಸಿನ ಹೊಟ್ಟೆಗೆ ಬೇಕಾಗಿತ್ತು. ಮಾಮೂಲಿ ಹಿಟ್ಟಿನ ಗಂಜಿ ಗಟ್ಟಿಯಾಗಿ ಕೂಸಿಗೆ ನುಂಗಲಾಗದು. ಮೊಳಕೆ ಹಿಟ್ಟಿನದು ಅಷ್ಟೇ ಹಿಟ್ಟು ಹಾಕಿದರೂ ತೆಳ್ಳಗೆ ಇಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ವಿಜ್ಞಾನಿ ಎನ್.ಜಿ. ಮಲ್ಲೇಶಿ ಮತ್ತು ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ವಿವರವಾಗಿ ಬರೆದಿಟ್ಟಿದ್ದಾರೆ. ನಮ್ಮ ಹೆಂಗಸರ ಕೈಯಲ್ಲಿ ಇದ್ದ ವಿದ್ಯೆಗೆ ಲ್ಯಾಬಿನಲ್ಲಿ ಸಿಕ್ಕ ಆ ಗೌರವ ನೆನೆದರೆ ನನಗೆ ಇವತ್ತಿಗೂ ಹೆಮ್ಮೆ.

ಇದೇ ರಾಗಿ ಬೇರೆ ಕಡೆ ಬಿಯರೂ ಆಗಿದೆ. ಪೂರ್ವ ಆಫ್ರಿಕಾ ಅದರ ತವರು. ಅಲ್ಲಿ ಉಗಾಂಡದ ಟೆಸೊ ಜನ ರಾಗಿಯಿಂದ ಅಜೊನ್ ಮಾಡಿ, ಒಂದೇ ಗಡಿಗೆಯ ಸುತ್ತ ಕೂತು ಉದ್ದನೆಯ ಕೊಳವೆಗಳಲ್ಲಿ ಹೀರುತ್ತಾರೆ. ಸಿಕ್ಕಿಮಿನಲ್ಲಿ ಹುಳಿ ಬಂದ ರಾಗಿಯನ್ನು ಬಿದಿರಿನ ಪಾತ್ರೆಗೆ ತುಂಬಿ ಬಿಸಿನೀರು ಸುರಿದರೆ ತೊಂಗ್ಬಾ. ನಮ್ಮ ಮನೆಯಲ್ಲಿ ಮಾತ್ರ ರಾಗಿ ಸರಿಯಾಯಿತು, ಅಂಬಲಿಯಾಯಿತು, ಹುರಿಹಿಟ್ಟಾಯಿತು, ಅಲ್ಲಿಗೆ ನಿಂತಿತು. ನಮ್ಮ ಸೀಮೆಯಲ್ಲಿ ಕುಡಿತ ಅಂದರೆ ಈಚಲು ಮರದ ಹೆಂಡ. ಬೆಳಿಗ್ಗೆ ಸಿಹಿ, ಮಧ್ಯಾಹ್ನಕ್ಕೆ ಹುಳಿ. ಜಿ.ಪಿ. ರಾಜರತ್ನಂ ಅವರ ಪದಗಳ ರತ್ನ ಕುಡಿದದ್ದೂ ಹೆಂಡವೇ. ಕನ್ನಡದಲ್ಲಿ ಕುಡಿತದ ಮಾತು ಎಷ್ಟು ಶ್ರೀಮಂತವಾಗಿದ್ದರೂ ಅದೆಲ್ಲ ಹೆಂಡದ ಸುತ್ತ ಬೆಳೆದದ್ದು. ಬಿಯರ್ ಬಂದದ್ದು ಬೇರೆ ದಾರಿಯಲ್ಲಿ, ಬೇರೆಯವರಿಗಾಗಿ.

1809ರ ಹೊತ್ತಿಗೆ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿತು. ಅಲ್ಲಿನ ಬಿಳಿ ಸಿಪಾಯಿಗಳಿಗೆ ಬೇಕಾದದ್ದು ತಮ್ಮ ಊರಿನ ಪೋರ್ಟರ್. ಲಂಡನ್ನಿನ ಕೂಲಿಕಾರರ ಕಪ್ಪು ಬಿಯರ್ ಅದು. ಅದರಲ್ಲಿ ಗಟ್ಟಿಯಾದದ್ದಕ್ಕೆ ಸ್ಟೌಟ್ ಪೋರ್ಟರ್ ಎಂದು ಹೆಸರು, ಬರಬರುತ್ತ ಬರೀ ಸ್ಟೌಟ್ ಉಳಿಯಿತು. ಭಾರತಕ್ಕೆ ಬಂದ ಬಿಯರ್ ಅಂದರೆ ಎಲ್ಲರೂ ಇಂಡಿಯಾ ಪೇಲ್ ಏಲ್ ಹೆಸರು ಹೇಳುತ್ತಾರೆ. ಅದು ಅಧಿಕಾರಿಗಳ ಮೇಜಿನ ಪಾನೀಯ. ಸಾಮಾನ್ಯ ಸಿಪಾಯಿಗೆಂದು ಹಡಗಿನಲ್ಲಿ ಗುಡ್‌ಹೋಪ್ ಭೂಶಿರ ಸುತ್ತಿ ಬರುತ್ತಿದ್ದದ್ದು ಪೋರ್ಟರಿನ ಪೀಪಾಯಿಗಳು. ಇತಿಹಾಸ ಬರೆದವರು ಅಧಿಕಾರಿಗಳ ಗ್ಲಾಸನ್ನು ನೆನಪಿಟ್ಟುಕೊಂಡರು, ಸಿಪಾಯಿಯದನ್ನು ಮರೆತರು ಎಂಬ ಬೇಸರ ನನಗಿದೆ.

ಆಮೇಲೆ ಇಲ್ಲೇ ಬಿಯರ್ ಮಾಡತೊಡಗಿದರು. 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅವುಗಳಲ್ಲಿ ಹಳೆಯದು 1857ರ ಕ್ಯಾಸಲ್ ಬ್ರೂವರಿ, ಇನ್ನೊಂದು ಬೆಂಗಳೂರು ಬ್ರೂಯಿಂಗ್ ಕಂಪನಿ. ಎತ್ತಿನ ಗಾಡಿಯಲ್ಲಿ ದೊಡ್ಡ ಪೀಪಾಯಿಗಳು ಪಟಾಲಮ್ಮಿಗೆ ಹೋಗುತ್ತಿದ್ದವು. 1947ರಲ್ಲಿ ವಿಠಲ್ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಆಗಿನ ಗ್ರಾಂಟ್ ರಸ್ತೆ ಇವತ್ತು ಅವರ ಹೆಸರಿನಲ್ಲಿದೆ, ಹಳೇ ಬ್ರೂವರಿ ಇದ್ದ ಜಾಗದಲ್ಲಿ ಯುಬಿ ಸಿಟಿಯ ಗೋಪುರಗಳಿವೆ. ಬಿಯರಿಗೆ ಮೊದಲು ಬೇಕಾದದ್ದು ನೀರು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ಬೆಂಗಳೂರಿಗೆ ಬಂದ ನೀರು ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿ ಹರಿದ ಅರ್ಕಾವತಿಯದು. ನೀರು ಹೀಗೆ ನಮ್ಮ ಕಡೆಯಿಂದ ಹೋಯಿತು, ಬಾರ್ಲಿ ಉತ್ತರದಿಂದ ಬಂತು, ಕಹಿ ಕೊಡುವ ಹಾಪ್ಸ್ ಹೂವು ಸಮುದ್ರದಾಚೆಯಿಂದ.

ಬಿಸಿಲಿನ ದೇಶದಲ್ಲಿ ಗೆದ್ದದ್ದು ತಿಳಿ ಬಣ್ಣದ ಲಾಗರ್. ಕಪ್ಪು ಬಿಯರ್ ಬೆಂಗಳೂರಿನಿಂದ ಹೆಚ್ಚುಕಡಿಮೆ ಮರೆಯಾಯಿತು. ಅದು ತಿರುಗಿ ಬಂದದ್ದು 2010-11ರ ಹೊತ್ತಿಗೆ, ಇಂದಿರಾನಗರದ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಪಕ್ಕದ ಬಿಯರ್ ಕ್ಲಬ್ ಎಂಬ ಬ್ರೂ ಪಬ್ಬುಗಳು ತಮ್ಮ ಕೆಟಲ್‌ಗಳನ್ನು ಹಚ್ಚಿದಾಗ.

ನನ್ನ ಗ್ಲಾಸಿನಲ್ಲಿದ್ದದ್ದು ಓಟ್ಸ್ ಹಾಕಿದ ಸ್ಟೌಟ್. ಓಟ್ಸಿನ ಕತೆ ಬೇರೆ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಕಾಫಿಬೀಜ ಹುರಿಯುವ ಹಾಗೆ ಉರುಳೆಯಲ್ಲಿ ಮಾಲ್ಟ್ ಹುರಿಯುವುದಕ್ಕೆ ಪೇಟೆಂಟ್ ಪಡೆದ. ಇಂದಿನ ಸ್ಟೌಟಿನ ಕಪ್ಪು ಅಲ್ಲಿಂದ. ಆ ಕಪ್ಪಿಗೆ ಓಟ್ಸ್ ಸೇರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಸ್ಕಾಟ್ಲೆಂಡಿನ ಅಲೋವಾ ಊರಿನ ಮ್ಯಾಕ್ಲೇ ಕಂಪನಿ 1895ರಲ್ಲಿ ಓಟ್ ಮಾಲ್ಟ್ ಸ್ಟೌಟಿಗೆ ಪೇಟೆಂಟ್ ಮಾಡಿಸಿತು. ಕಾಯಿಲೆಯಿಂದ ಎದ್ದವರಿಗೆ, ಹಾಲುಣಿಸುವ ತಾಯಂದಿರಿಗೆ ಪುಷ್ಟಿ ಎಂದು ಅದನ್ನು ಮಾರಿದರು. (ಅದು ಆ ಕಾಲದ ನಂಬಿಕೆ. ಬಾಣಂತಿಗೆ ಮದ್ಯ ಒಳ್ಳೆಯದೆಂದು ಇವತ್ತು ಯಾರೂ ಹೇಳಬಾರದು.) ಅಲ್ಲಿ ಓಟ್ಸ್, ಇಲ್ಲಿ ರಾಗಿ, ಎರಡು ಕಡೆಯೂ ಕಾಳಿನ ಗಂಜಿಯ ಮೇಲೆ ಒಂದೇ ಬಗೆಯ ಭರವಸೆ. ಎರಡನೆಯ ಮಹಾಯುದ್ಧ ಮುಗಿದು ಕೆಲವು ದಶಕಗಳೊಳಗೆ ಈ ಸ್ಟೌಟ್ ಅಳಿದೇ ಹೋಗಿತ್ತು. 1980ರಲ್ಲಿ ಯಾರ್ಕ್‌ಶೈರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ ಅಮೆರಿಕದ ಒಬ್ಬ ವ್ಯಾಪಾರಿಯ ಒತ್ತಾಯಕ್ಕೆ ಮತ್ತೆ ಮಾಡಿತು. ಈಗ ಜಗತ್ತಿನಲ್ಲಿ ಸಿಗುವ ಓಟ್‌ಮೀಲ್ ಸ್ಟೌಟುಗಳಲ್ಲಿ ಬಹುಪಾಲು ಆ ಸೀಸೆಯ ಮಕ್ಕಳು, ಮೊಮ್ಮಕ್ಕಳು.

ನನ್ನ ಮೊದಲ ಓಟ್ಸ್ ಮ್ಯಾಶ್, ಅಂದರೆ ಬಿಸಿನೀರಿನಲ್ಲಿ ಕಲಸಿಟ್ಟ ಕಾಳು, ಕೈಕೊಟ್ಟಿತು. 500 ಲೀಟರಿನ ಪಾತ್ರೆ, 170 ಕೆಜಿ ಕಾಳು, ಅದರಲ್ಲಿ 20 ಕೆಜಿ ಓಟ್ಸ್. 66 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟು ನಲ್ಲಿ ತಿರುಗಿಸಿದರೆ ಒಂದು ಹನಿ ಇಳಿಯಲಿಲ್ಲ. ಓಟ್ಸಿನಲ್ಲಿ ಬೀಟಾ ಗ್ಲುಕಾನ್ ಎಂಬ ಲೋಳೆ ನಾರಿದೆ, ಸ್ಟೌಟಿಗೆ ರೇಷ್ಮೆಯ ನುಣುಪು ಬರುವುದು ಅದರಿಂದ. ಅದೇ ಲೋಳೆ ಜರಡಿಯ ತಳ ಕಟ್ಟಿಬಿಟ್ಟಿತ್ತು. ರಾತ್ರಿ 11ರವರೆಗೆ ಹುಟ್ಟು ಹಿಡಿದು ಕೆದಕಿದೆ, ತೋಳು ಬಿದ್ದುಹೋದವು. ಮುಂದಿನ ಸಲ ದೊಡ್ಡಬಳ್ಳಾಪುರದ ಅಕ್ಕಿ ಗಿರಣಿಯಿಂದ ಒಂದು ಚೀಲ ಭತ್ತದ ಹೊಟ್ಟು ತಂದು, ತೊಳೆದು, ಕಾಳಿನ ಜೊತೆ ಬೆರೆಸಿದೆ. ಹೊಟ್ಟಿನ ಸಂದಿಯಿಂದ ಕಷಾಯದಂಥ ವರ್ಟ್ ಸರಾಗ ಇಳಿಯಿತು.

ಈಗ ಅವತ್ತಿನ ಗ್ಲಾಸಿಗೆ ಬರುತ್ತೇನೆ. ಸ್ಪರ್ಧೆಗಳ ತೀರ್ಪುಗಾರರು ಓಟ್‌ಮೀಲ್ ಸ್ಟೌಟಿಗೆ ಶೇಕಡಾ 4.2ರಿಂದ 5.9ರವರೆಗಿನ ಆಲ್ಕೋಹಾಲನ್ನು ಗಡಿಯಾಗಿ ಇಟ್ಟುಕೊಂಡಿದ್ದಾರೆ. ನಾನು ಮಾಡಿದ್ದು 7.5. ಗಟ್ಟಿ ಬಿಯರಿನಲ್ಲಿ ತಪ್ಪು ಅಡಗಿಸುವುದು ಸುಲಭ ಎನ್ನುತ್ತಾರೆ. ನನ್ನ ಅನುಭವದಲ್ಲಿ ಅದು ತಪ್ಪನ್ನು ಎತ್ತಿ ತೋರಿಸುತ್ತದೆ. ಯೀಸ್ಟನ್ನು ಸೆಕೆಯಲ್ಲಿ ಓಡಿಸಿದ್ದರೆ ಗಂಟಲಲ್ಲಿ ಸ್ಪಿರಿಟ್ ಉರಿಯುತ್ತದೆ, ಓಟ್ಸಿನ ನುಣುಪು ಆ ಉರಿಯಲ್ಲಿ ಕಳೆದೇಹೋಗುತ್ತದೆ. ಮೂಗಿಗೆ ಬೆಣ್ಣೆ ಬಡಿದರೆ ಯೀಸ್ಟಿಗೆ ಕೆಲಸ ಮುಗಿಸಲು ಬಿಟ್ಟಿಲ್ಲ. ಹಸಿ ಸೇಬಿನ ವಾಸನೆ ಬಂದರೆ ಇನ್ನೂ ಎಳಸು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಗುಲಿ ಹಳಸಿದೆ. ಇವು ಯಾವುವೂ ಇರಲಿಲ್ಲ. ನೊರೆ ಬೆಲ್ಲದ ಬಣ್ಣಕ್ಕೆ ದಟ್ಟವಾಗಿ ನಿಂತಿತ್ತು, ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾತ್ರ ಕೆಂಪು. ಒಂದು ಗುಟುಕು ನಾಲಿಗೆಯ ಮೇಲೆ ಹರಡಿಕೊಂಡೆ. ಮಜ್ಜಿಗೆ ಬೆರೆಸದ ಅಂಬಲಿ ಇಳಿದ ಹಾಗೆ ಮೆತ್ತಗೆ ಇಳಿಯಿತು, ಎದೆಯಲ್ಲಿ ಸಣ್ಣಗೆ ಬಿಸಿ.

ಆದರೆ ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಕಹಿ ಕೂತಿತು. ಹಾಪ್ಸಿನ ಕಹಿ ಬಂದು ಹೋಗುತ್ತದೆ. ಇದು ಇದ್ದಿಲಿನ ಕಹಿ, ಬಾಣಲೆ ಇಳಿಸಲು ತಡವಾದದ್ದು. ಜೊತೆಯ ಹುಡುಗ ಕುಡಿದು, "ಸೂಪರ್ ಇದೆ ಅಣ್ಣ, 40 ಕೊಡಿ" ಅಂದ. ತೀರ್ಪಿನ ಕಾರ್ಡು 50 ಅಂಕದ್ದು. "ರುಚಿ ಹೇಳು, ಅಂಕ ಆಮೇಲೆ" ಅಂದೆ. ರೋಸ್ಟಿ, ಚಾಕೊಲೇಟ್ ಎಂದು ಕಲಿತ ಪದಗಳನ್ನು ಹೇಳಿದ. "ನಿಮ್ಮನೇಲಿ ಹುರಿಹಿಟ್ಟು ತಿಂದಿದ್ದೀಯಲ್ಲ, ಅದನ್ನ ನೆನೆಸ್ಕೊಂಡು ಇನ್ನೊಂದು ಗುಟುಕು ಕುಡಿ" ಅಂದೆ. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದ. ಆಮೇಲೆ, "ಸೀದೋಗಿದೆ ಅಣ್ಣ, ಕೊನೇಲಿ" ಅಂದ. 12 ವರ್ಷದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ತೀರ್ಪು ಅದು. ಕಾರ್ಡಿನಲ್ಲಿ 34 ಬರೆದೆ, ಷರಾದಲ್ಲಿ ಅವನ ಮಾತನ್ನೇ ಕನ್ನಡದಲ್ಲಿ ಬರೆದೆ.

ಹುರಿದ ಬಾರ್ಲಿ 12 ಕೆಜಿ ಹಾಕಿದ್ದೆ. ಮುಂದಿನ ಸಲಕ್ಕೆ 8. ಕಡಿಮೆಯಾದ 4 ಕೆಜಿಯ ಜಾಗಕ್ಕೆ ಮೊಳಕೆ ಕಟ್ಟಿ, ಘಮ್ ಅನ್ನುವಷ್ಟೇ ಹುರಿದ ರಾಗಿ. ಅಜ್ಜಿಯ ಬಾಣಲೆ ಈಗ ಅಕ್ಕನ ಮನೆಯಲ್ಲಿದೆ. ಭಾನುವಾರ ರಾತ್ರಿ ಫೋನ್ ಮಾಡಿ, ನೆನೆಹಾಕಿದ್ದೇನೆ, ಗುರುವಾರ ಬೆಳಿಗ್ಗೆ ಬಂದು ಮೊಳಕೆ ನೋಡು ಅಂದಿದ್ದಾಳೆ.