ಕುಂದರನ್ನರ 525 ರನ್ನುಗಳು

ಆಟಗಾರನ ಚಂಚಲತೆಯನ್ನು ಕುರಿತು ನಾವು ಆಡುವಷ್ಟು ಮಾತನ್ನು ಆಯ್ಕೆದಾರರ ಚಂಚಲತೆಯನ್ನು ಕುರಿತು ಆಡುವುದಿಲ್ಲ. 1939ರಲ್ಲಿ ಮೂಲ್ಕಿಯಲ್ಲಿ ಜನಿಸಿದ ಬುಧಿ ಕುಂದರನ್ನರ ಕ್ರಿಕೆಟ್ ಜೀವನವನ್ನು ನೋಡಿದರೆ, ಈ ಎರಡರಲ್ಲಿ ಯಾವುದು ಹೆಚ್ಚೆಂಬ ಪ್ರಶ್ನೆ ಏಳದೆ ಇರದು.

ರಣಜಿ ಪಂದ್ಯ ಒಂದನ್ನೂ ಆಡದಿದ್ದ ಅವರು 1960ರ ಜನವರಿಯಲ್ಲಿ, ಇಪ್ಪತ್ತರ ಹರೆಯದಲ್ಲಿ, ಮುಂಬಯಿಯಲ್ಲಿ ಆಸ್ಟ್ರೇಲಿಯದೆದುರು ವಿಕೆಟ್ ಕೀಪರಾಗಿ ಟೆಸ್ಟಿಗೆ ಇಳಿದರು. ಮೊದಲ ಸರದಿಯಲ್ಲಿ ತಾವೇ ಗೂಟಕ್ಕೆ ತಾಗಿ ಔಟಾದರು. ಮುಂದಿನ ಮದರಾಸು ಟೆಸ್ಟಿನಲ್ಲಿ ಬೆನೋ ಅವರ ತಂಡ ಭಾರತವನ್ನು 149ಕ್ಕೆ ಉರುಳಿಸಿದಾಗ, ಅದರಲ್ಲಿ 71 ಕುಂದರನ್ನರವು! ಅನಂತರ ಫಾರೂಕ್ ಎಂಜಿನಿಯರ್ ಬಂದರು. ಒಂದೇ ಜಾಗಕ್ಕೆ ಇಬ್ಬರಾದರು.

1964ರ ಜನವರಿಯಲ್ಲಿ ಅದೇ ಮದರಾಸಿನಲ್ಲಿ ಇಂಗ್ಲೆಂಡಿನೊಡನೆ ಪಂದ್ಯ. ಎಂಜಿನಿಯರ್ ಆಡಲಾಗದ್ದರಿಂದ ಕುಂದರನ್ನರಿಗೆ ಸ್ಥಾನ ದೊರೆಯಿತು. ಆರಂಭ ದಾಂಡಿಗರಾಗಿ ಹೋದವರು ಸಂಜೆಯಾದಾಗ 170 ಹೊಡೆದು ಇನ್ನೂ ಔಟಾಗದೆ ಉಳಿದಿದ್ದರು. ಮರುದಿನ 192ಕ್ಕೆ ಔಟಾದರು, ಬೌಂಡರಿಗಳೇ 31. (ಇದೇ ಪಂದ್ಯದಲ್ಲಿ ನಾಡಕರ್ಣಿಯವರು ಸತತ 21 ಓವರುಗಳಲ್ಲಿ ಒಂದು ರನ್ನೂ ಕೊಡದೆ ಎಸೆದರು. ನೋಡುಗರಿಗೆ ಎಂಥ ಏರಿಳಿತ!) ದೆಹಲಿಯಲ್ಲಿ ಮತ್ತೊಂದು ಶತಕ. ಐದು ಟೆಸ್ಟುಗಳಿಂದ ಒಟ್ಟು 525 ರನ್ನು.

ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯ ಬಂದಿತು. ಗೂಟಗಳ ಹಿಂದೆ ನಿಂತವರು ಇಂದ್ರಜಿತ್‌ಸಿಂಹಜಿ! ಕುಂದರನ್ನರಿಗೆ ಮತ್ತೆ ಕರೆ ಬಂದದ್ದು 1966ರ ಡಿಸೆಂಬರಿನಲ್ಲಿ, ವೆಸ್ಟ್ ಇಂಡೀಸಿನೆದುರು ಮುಂಬಯಿಯಲ್ಲಿ. ಅಲ್ಲಿ 79 ಹೊಡೆದರು. ಎರಡು ಟೆಸ್ಟುಗಳಾದ ಮೇಲೆ ಜಾಗ ಪುನಃ ಎಂಜಿನಿಯರರ ಪಾಲಾಯಿತು.

ನ್ಯಾಯವಾಗಿ ಹೇಳಬೇಕಾದರೆ ಆಯ್ಕೆದಾರರ ಕಡೆಗೂ ಒಂದು ಮಾತಿದೆ. 18 ಟೆಸ್ಟುಗಳ 981 ರನ್ನಿನಲ್ಲಿ ಆ ಸರಣಿಯದನ್ನು ಕಳೆದರೆ ಉಳಿದ 13 ಟೆಸ್ಟುಗಳಿಗೆ 456 ಮಾತ್ರ. ಸ್ಥಿರತೆ ಅವರ ಗುಣವಾಗಿರಲಿಲ್ಲ, ನಿಜ. ಆದರೆ ಬಂದು ಹೋಗುವ ಅತಿಥಿಯಿಂದ ಸ್ಥಿರತೆಯನ್ನು ಯಾರು ನಿರೀಕ್ಷಿಸಬೇಕು?

1967ರಲ್ಲಿ ಇಂಗ್ಲೆಂಡಿಗೆ ಹೋದಾಗ ಬರಿಯ ದಾಂಡಿಗರಾಗಿಯೂ ಆಡಿದರು. ಲಾರ್ಡ್ಸಿನಲ್ಲಿ ತಂಡ 110ಕ್ಕೆ ಕುಸಿದಾಗ 47 ಅವರದು. ಎಜ್‌ಬಾಸ್ಟನ್ನಿನಲ್ಲಿ ನಾಲ್ವರು ಸ್ಪಿನ್ನರುಗಳನ್ನೇ ನೆಚ್ಚಿದ್ದ ಪಟೌಡಿಯವರು ಮೈಸೂರಿನ ಸುಬ್ರಹ್ಮಣ್ಯರ ಜೊತೆ ಹೊಸ ಚೆಂಡನ್ನು ಈ ವಿಕೆಟ್ ಕೀಪರಿಗೇ ಕೊಟ್ಟರು! ನಾಲ್ಕು ಓವರು ಎಸೆದರು. ಅದೇ ಅವರ ಕೊನೆಯ ಟೆಸ್ಟು.

ಆಮೇಲೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಡ್ರಂಪೆಲಿಯರ್ ಕ್ಲಬ್ಬಿನ ಪರವಾಗಿ ವರ್ಷಾನುಗಟ್ಟಲೆ ಆಡಿದರು. ನಲವತ್ತು ದಾಟಿದ ಮೇಲೂ ಸ್ಕಾಟ್ಲೆಂಡ್ ತಂಡದಲ್ಲಿ ಕಾಣಿಸಿಕೊಂಡರು. 2006ರ ಜೂನಿನಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು.