ಲಕ್ಷ್ಯವೇಧವೂ ಶಸ್ತ್ರಸಂಯಮವೂ

ದ್ರೋಣಾಚಾರ್ಯನು ಕುರುಕುಮಾರರ ವಿದ್ಯೆಯನ್ನು ಪರೀಕ್ಷಿಸಿದ ಕಥೆಯನ್ನು ಅರಿಯದವರಿಲ್ಲ. ಹಕ್ಕಿಯ ಶಿರಸ್ಸನ್ನಲ್ಲದೆ ಬೇರೇನನ್ನೂ ಕಾಣೆನೆಂದ ಅರ್ಜುನನ ಏಕಾಗ್ರತೆಯನ್ನು ನಾವೆಲ್ಲರೂ ಕೊಂಡಾಡುವೆವು. ಆದರೆ ಆದಿಪರ್ವವು ಹೇಳುವ ಇನ್ನೊಂದು ಸಂಗತಿಯು ಸಾಮಾನ್ಯವಾಗಿ ಮರೆತುಹೋಗುವುದು. ಮರದ ತುದಿಯಲ್ಲಿದ್ದ ಆ ಹಕ್ಕಿಯು ಜೀವವುಳ್ಳದ್ದಲ್ಲ. ಆಚಾರ್ಯನು ಶಿಲ್ಪಿಗಳಿಂದ ಮಾಡಿಸಿ ಇರಿಸಿದ ಕೃತ್ರಿಮ ಪಕ್ಷಿಯದು. ಶಸ್ತ್ರವಿದ್ಯೆಯ ಮೊದಲ ಪಾಠಕ್ಕೆ ಪ್ರಾಣಿಹಿಂಸೆಯು ಬೇಕಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ನಮ್ಮ ಶಿವಮೊಗ್ಗೆ ಭದ್ರಾವತಿಗಳಲ್ಲಿ ವಿಜಯದಶಮಿಯಂದು ಬನ್ನಿಯ ಪೂಜೆಯಾಗಿ ಅಂಬು ಕಡಿಯುವ ಆಚಾರವು ನಡೆದುಬಂದಿದೆ. ಇಲ್ಲಿ ಗುರಿವಿದ್ಯೆಯು ಬಹುಮಟ್ಟಿಗೆ ಸಂಕೇತವಾಗಿ ಉಳಿದಿರುವುದು. ಅದನ್ನು ಇಂದಿಗೂ ಮನೆಮನೆಯ ಅಭ್ಯಾಸವನ್ನಾಗಿ ಉಳಿಸಿಕೊಂಡಿರುವ ನಾಡು ಕೊಡಗು. ಆ ನಾಡು ನಮಗೆ ಪರಕೀಯವೂ ಅಲ್ಲ. ಅದನ್ನು 1834ರವರೆಗೆ ಆಳಿದ ಹಾಲೇರಿಯ ಅರಸರು ನಮ್ಮ ಜಿಲ್ಲೆಯ ಇಕ್ಕೇರಿ ನಾಯಕರ ವಂಶದ ಕವಲೆಂದು ಹೇಳಲ್ಪಡುವರು.

ಕೊಡಗಿನಲ್ಲಿ ಸಸಿ ನೆಡುವ ಕಾಲಕ್ಕೆ ಆಯುಧಗಳನ್ನು ಮನೆಯ ಒಳಕೋಣೆಯಲ್ಲಿ ಇರಿಸಿಬಿಡುವರು. ನಾಟಿಯು ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೈಲ್ ಪೊಳ್ದ್ ಎಂಬ ಹಬ್ಬ. ಅಂದು ಕೋವಿ, ಒಡಿಕತ್ತಿಗಳನ್ನು ಶುಚಿಗೊಳಿಸಿ, ‘ತೋಕ್ ಪೂ’ ಎಂದರೆ ಕೋವಿಯ ಹೂವೆಂದೇ ಹೆಸರಾದ ಹೂವಿನಿಂದ ಅಲಂಕರಿಸಿ ಪೂಜಿಸುವರು. ಊಟವಾದ ಬಳಿಕ ಊರಿನವರೆಲ್ಲರೂ ಬಯಲಿನಲ್ಲಿ ನೆರೆದು, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವರು. ನೇಗಿಲು ನಡೆಯುವಾಗ ಕೋವಿಯು ಮಲಗಿರಬೇಕು. ಅದು ಎದ್ದ ದಿನ ಅದರ ಗುರಿಯು ತೆಂಗಿನಕಾಯಿಯಾಗಿರಬೇಕು. ಈ ಕಟ್ಟಳೆಯಲ್ಲಿ ದ್ರೋಣನ ಪಾಠವೇ ಅಡಗಿದೆ.

ಕೆಲವು ವರ್ಷಗಳ ಹಿಂದೆ ವೀರಾಜಪೇಟೆಯ ಕಡೆಯ ಒಂದು ಗ್ರಾಮದಲ್ಲಿ ಈ ಸ್ಪರ್ಧೆಯನ್ನು ನೋಡುವ ಯೋಗವು ನನಗೆ ಒದಗಿತ್ತು. ಅದನ್ನು ನಡೆಸುತ್ತಿದ್ದವರು ಸೇನೆಯಿಂದ ನಿವೃತ್ತರಾದ ಒಬ್ಬ ವೃದ್ಧ ಸುಬೇದಾರರು. ಅವರು ಮಾತನಾಡಿದ್ದು ಅಲ್ಪ; ಆದರೆ ಊರಿನ ತರುಣರು ಅವರ ಕಣ್ಸನ್ನೆಯನ್ನೇ ಆಜ್ಞೆಯೆಂದು ಭಾವಿಸುತ್ತಿದ್ದರು. ತನ್ನ ಸರದಿ ಬರುವವರೆಗೆ ಯಾರೊಬ್ಬನೂ ಕೋವಿಗೆ ತೋಟೆ ತುಂಬುವಂತಿರಲಿಲ್ಲ, ನಳಿಗೆಯನ್ನು ಜನರ ಕಡೆಗೆ ತಿರುಗಿಸುವಂತಿರಲಿಲ್ಲ. ಒಬ್ಬ ಹುಡುಗನು ಗುರಿಯಿಟ್ಟು ಬಹಳ ಹೊತ್ತು ನಿಂತು, ಕೈನಡುಗಿದುದರಿಂದ ಗುಂಡು ಹಾರಿಸದೆಯೇ ಕೋವಿಯನ್ನಿಳಿಸಿದನು. ನೆರೆದವರು ನಕ್ಕರು. ಸುಬೇದಾರರು ಮಾತ್ರ ಅವನ ಬೆನ್ನು ತಟ್ಟಿ, “ಇಳಿಸಿದೆಯಲ್ಲ, ಅದು ಸರಿ” ಎಂದರು. ಬಳಿಕ ನನ್ನತ್ತ ತಿರುಗಿ, “ಮೇಷ್ಟ್ರೇ, ಹೊಡೆಯುವುದನ್ನು ಒಂದು ತಿಂಗಳಲ್ಲಿ ಕಲಿಸಬಹುದು, ಇಳಿಸುವುದಕ್ಕೆ ವರ್ಷಗಳು ಬೇಕು” ಎಂದರು.

ಈ ಕೋವಿಗಳ ಚರಿತ್ರೆಯು ವಿಚಿತ್ರವಾದುದು. 1857ರ ದಂಗೆಯ ತರುವಾಯ ಆಂಗ್ಲ ಸರ್ಕಾರವು ದೇಶದ ಪ್ರಜೆಗಳನ್ನು ನಿರಾಯುಧರನ್ನಾಗಿಸತೊಡಗಿತು. ಆದರೆ 1861ರಲ್ಲಿ ಮಾರ್ಕ್ ಕಬ್ಬನ್ ಸಾಹೇಬರ ಪ್ರಕಟಣೆಯಿಂದ ಕೊಡಗರಿಗೆ ಮಾತ್ರ ವಿನಾಯಿತಿಯು ದೊರೆಯಿತು. ಆಳುವವರು ಅದನ್ನು ರಾಜನಿಷ್ಠೆಗೆ ಕೊಟ್ಟ ಬಹುಮಾನವೆಂದೆಣಿಸಿದರು. ಸ್ವತಂತ್ರ ಭಾರತವೂ ಈ ವಿನಾಯಿತಿಯನ್ನು ಮುಂದುವರಿಸಿತು. 2019ರಲ್ಲಿ ಅದು 2029ರವರೆಗೆ ವಿಸ್ತರಿಸಲ್ಪಟ್ಟಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಒಂದು ಜನಕ್ಕೆ ಇಂತಹ ವಿಶೇಷಾಧಿಕಾರವು ಸಲ್ಲುವುದೆ ಎಂಬ ಪ್ರಶ್ನೆಯು ಸಹಜವೇ. ಕಾನೂನಿನ ಉತ್ತರವನ್ನು ನ್ಯಾಯಾಲಯವು ಕೊಟ್ಟಿದೆ. ಆಚಾರದ ಉತ್ತರವನ್ನಾದರೋ ಆ ನಾಡಿನ ಮಹಾಪುರುಷರ ನಡತೆಯಲ್ಲಿ ಕಾಣಬೇಕು.

1949ರ ಜನವರಿ 15ರಂದು ಕೊಡಗಿನ ಕಾರ್ಯಪ್ಪನವರು ಭಾರತೀಯ ಸೇನೆಯ ಪ್ರಥಮ ಭಾರತೀಯ ದಂಡನಾಯಕರಾದರು. ಪರಪ್ರಭುತ್ವಕ್ಕೆ ನಿಷ್ಠವೆನಿಸಿದ್ದ ಶೌರ್ಯವು ಸ್ವರಾಷ್ಟ್ರದ ಸೇವೆಗೆ ತಿರುಗಿದುದಕ್ಕೆ ಇದಕ್ಕಿಂತ ಹಿರಿದಾದ ಸಾಕ್ಷ್ಯವುಂಟೆ? ಅವರ ನಾಡಿಗರೇ ಆದ ಜನರಲ್ ತಿಮ್ಮಯ್ಯನವರು 1948ರ ನವೆಂಬರಿನಲ್ಲಿ 11,000 ಅಡಿಗೂ ಮಿಕ್ಕಿ ಎತ್ತರವಾದ ಜೋಜಿಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಹಿಮ್ಮೆಟ್ಟಿಸಿದರು. ಇದು ಅವರ ಹೊಡೆಯುವ ವಿದ್ಯೆ. ಐದು ವರ್ಷಗಳ ಬಳಿಕ ಕೊರಿಯದಲ್ಲಿ, ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಮಿಕ್ಕ ಯುದ್ಧಖೈದಿಗಳ ಹೊಣೆಯನ್ನು ಅವರು ಹೊತ್ತರು. ಆ ಖೈದಿಗಳನ್ನು ಅವರವರ ದೇಶದ ಪ್ರತಿನಿಧಿಗಳ ಮುಂದೆ ಬಲಾತ್ಕಾರದಿಂದ ಎಳೆತರಬೇಕೆ ಎಂಬ ವಿವಾದವೆದ್ದಾಗ, ರಕ್ತಪಾತಕ್ಕೆಡೆಯಾಗುವ ಬಲಪ್ರಯೋಗವನ್ನು ಅವರು ಒಲ್ಲದಾದರು. ಇದು ಅವರ ಇಳಿಸುವ ವಿದ್ಯೆ. 1965ರ ಡಿಸೆಂಬರ್ 18ರಂದು ಸೈಪ್ರಸ್ ದ್ವೀಪದಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿದ್ದಾಗಲೇ, ಅವರು ದೇಹವನ್ನು ಬಿಟ್ಟರು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯು 1923ರಲ್ಲಿ ಮೊದಲು ಹೊತ್ತಿತು. ಕುಲುಮೆಯಿಂದ ಹರಿಯುವ ಲೋಹಕ್ಕೆ ತಾನು ಗುಳವಾಗುವೆನೋ ನಳಿಗೆಯಾಗುವೆನೋ ಎಂಬ ಅರಿವಿಲ್ಲ. ಆ ವಿವೇಕವು ಹಿಡಿದ ಕೈಯದು. ಮಕ್ಕಳಿಗೆ ಸೈನ್ಯಶಿಕ್ಷಣವನ್ನೂ ಗುರಿವಿದ್ಯೆಯನ್ನೂ ಕಲಿಸಬೇಕೆಂಬ ಮಾತು ನಮ್ಮ ಊರುಗಳಲ್ಲಿಯೂ ಆಗಾಗ ಕೇಳಿಬರುವುದು. ಕಲಿಸಲಿ, ಆದರೆ ಕಾಯಿಯನ್ನು ಒಡೆದವನಿಗೆ ಬಹುಮಾನವನ್ನು ಕೊಡುವಂತೆ, ಕೈನಡುಗಿದಾಗ ಕೋವಿಯನ್ನಿಳಿಸಿದವನ ಬೆನ್ನು ತಟ್ಟುವ ಗುರುವನ್ನೂ ಅವರಿಗೆ ದೊರಕಿಸಲಿ.